ಸರಳರೇಖೆಯ ಇಳಿಜಾರು

ನಿರ್ದೇಶಾಂಕ ಸಮತಲದಲ್ಲಿ ಸರಳರೇಖೆಯೊಂದು ಎಷ್ಟು ಕಡಿದಾಗಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ತಿಳಿಸುವ ಸಂಖ್ಯೆ. ರೇಖೆಯ ಮೇಲಿನ ಯಾವುದೇ ಎರಡು ಬಿಂದುಗಳು ಗೊತ್ತಿದ್ದರೆ ಸಾಕು: ವೈ ನಿರ್ದೇಶಾಂಕಗಳ ವ್ಯತ್ಯಾಸವನ್ನು ಎಕ್ಸ್ ನಿರ್ದೇಶಾಂಕಗಳ ವ್ಯತ್ಯಾಸದಿಂದ ಭಾಗಿಸಬೇಕು.

ಬಿಂದುಗಳು (2, 3) ಮತ್ತು (6, 11) ಆಗಿರಲಿ. ಮೇಲಕ್ಕೆ 11 − 3 = 8, ಅಡ್ಡಕ್ಕೆ 6 − 2 = 4; ಇಳಿಜಾರು 8 ÷ 4 = 2. ಅಂದರೆ ಬಲಕ್ಕೆ ಒಂದು ಮಾನ ಸರಿದಾಗಲೆಲ್ಲ ರೇಖೆ ಎರಡು ಮಾನ ಏರುತ್ತದೆ. ಯಾವ ಬಿಂದುವನ್ನು ಮೊದಲು ತೆಗೆದುಕೊಂಡರೂ ಉತ್ತರ ಒಂದೇ, ಆದರೆ ಮೇಲೆ ಹಿಡಿದ ಕ್ರಮವನ್ನೇ ಕೆಳಗೂ ಹಿಡಿಯಬೇಕು. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ: 11 − 3 ಬರೆದು ಕೆಳಗೆ 2 − 6 ಎಂದರೆ ಚಿಹ್ನೆ ತಿರುಗಿ −2 ಬರುತ್ತದೆ, ಏರುವ ರೇಖೆ ಇಳಿಯುವ ರೇಖೆಯಾಗಿಬಿಡುತ್ತದೆ.

ಬೇರೆ ಎರಡು ಬಿಂದುಗಳನ್ನು ಆರಿಸಿದರೂ ಬೆಲೆ ಬದಲಾಗದು. ಅವುಗಳಿಂದ ಉಂಟಾಗುವ ಲಂಬಕೋನ ತ್ರಿಭುಜಗಳೆಲ್ಲ ಸಮರೂಪವಾಗಿರುವುದೇ ಕಾರಣ. ಈ ವಿಷಯದ ನಿಜವಾದ ಸೊಗಸು ಇದು. ಸೂತ್ರವನ್ನು ಬಾಯಿಪಾಠ ಮಾಡಿಸುವ ಮೊದಲು ಇದನ್ನು ಚಿತ್ರ ಬರೆದು ತೋರಿಸಬೇಕು.

ಅಡ್ಡರೇಖೆಯ ಇಳಿಜಾರು 0. ಲಂಬರೇಖೆಯಲ್ಲಿ ಛೇದವೇ ಸೊನ್ನೆಯಾಗುವುದರಿಂದ ಇಳಿಜಾರನ್ನು ವ್ಯಾಖ್ಯಾನಿಸಲಾಗದು. ಎಕ್ಸ್ ಅಕ್ಷದೊಡನೆ ರೇಖೆ ಮಾಡುವ ಕೋನದ ಟ್ಯಾನ್ ಬೆಲೆಯೂ ಇದೇ ಸಂಖ್ಯೆ.

ರೈಲುಮಾರ್ಗದ ಏರನ್ನೂ ಹೀಗೆಯೇ ಅಳೆಯುತ್ತಾರೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಅದು 50ಕ್ಕೆ 1, ಅಂದರೆ 0.02: ಐವತ್ತು ಮೀಟರ್ ಸಾಗಿದರೆ ಒಂದು ಮೀಟರ್ ಏರು.