ಗ್ಯಾಸ್ ಡಿಟೆಕ್ಟರ್: ಸೊನ್ನೆ ತೋರಿಸಿದರೆ ಸಾಲದು, ಸೆನ್ಸರ್ ಸರಿ ಇರಬೇಕು

ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕ್‌ಗಳಲ್ಲಿ ವಿಷಗಾಳಿ ಇದೆಯೇ ಎಂದು ತಿಳಿಸುವ ಕೈಯಲ್ಲಿ ಹಿಡಿಯುವ ಯಂತ್ರವೇ ಗ್ಯಾಸ್ ಡಿಟೆಕ್ಟರ್. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕೇಂದ್ರ ಕಾಯ್ದೆಯ ನಿಯಮಗಳು ಕಾರ್ಮಿಕರಿಗೆ ಕೊಡಬೇಕಾದ ಸುರಕ್ಷಾ ಸಾಧನಗಳಲ್ಲಿ ಇದನ್ನೂ ಸೇರಿಸಿವೆ. ಗಡಿಯ ಆಚೆಗೂ ಈಚೆಗೂ ಕಾಯ್ದೆ ಒಂದೇ. ಆದರೆ ಯಂತ್ರ ಇದ್ದ ಮಾತ್ರಕ್ಕೆ ಜೀವ ಉಳಿಯದು. ಶುದ್ಧ ಗಾಳಿಯಲ್ಲೂ ಸೊನ್ನೆ, ಸೆನ್ಸರ್ ಸತ್ತಿದ್ದರೂ ಹಲವು ಬಾರಿ ಸೊನ್ನೆಯೇ!

ಒಳಗೇನಿದೆ?

ನಾಲ್ಕು ಅನಿಲಗಳ ಡಿಟೆಕ್ಟರ್ ಆಮ್ಲಜನಕ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮೊನಾಕ್ಸೈಡ್ ಹಾಗೂ ಮೀಥೇನ್‌ನಂಥ ಉರಿಯುವ ಅನಿಲಗಳನ್ನು ಅಳೆಯುತ್ತದೆ. ಮೊದಲ ಮೂರಕ್ಕೆ ಸಾಮಾನ್ಯವಾಗಿ ಎಲೆಕ್ಟ್ರೋಕೆಮಿಕಲ್ ಸೆನ್ಸರ್ ಇರುತ್ತದೆ. ಇದು ಬ್ಯಾಟರಿ ಸೆಲ್ ಇದ್ದಂತೆ, ಬಳಸದೆ ಇಟ್ಟರೂ ಸವೆಯುತ್ತದೆ. ಹೆಚ್ಚಿನವುಗಳ ಆಯುಸ್ಸು 2ರಿಂದ 5 ವರ್ಷ. ಉರಿಯುವ ಅನಿಲಕ್ಕೆ ಬಿಸಿಯಾದ ಪುಟ್ಟ ಮಣಿಯ ಸೆನ್ಸರ್ ಇರುತ್ತದೆ. ಸಿಲಿಕೋನ್ ಆವಿ ತಾಗಿದರೆ ಈ ಮಣಿ ಕೆಡುತ್ತದೆ, ಆಗ ಮೀಥೇನ್ ಇದ್ದರೂ ಅದಕ್ಕೆ ತಿಳಿಯದು.

ನಿರ್ವಹಣೆ ಹೇಗೆ?

* ಬಂಪ್ ಟೆಸ್ಟ್: ಪ್ರತಿದಿನ ಕೆಲಸಕ್ಕೆ ಮುನ್ನ ಸಿಲಿಂಡರಿನ ಪರೀಕ್ಷಾ ಅನಿಲವನ್ನು ಸ್ವಲ್ಪ ಹೊತ್ತು ಹಾಯಿಸಬೇಕು. ಅಲಾರಂ ಹೊಡೆಯದಿದ್ದರೆ ಆ ಯಂತ್ರ ಬಳಸಕೂಡದು.
* ಕ್ಯಾಲಿಬ್ರೇಶನ್: ಅಳತೆ ಸರಿಪಡಿಸುವ ಈ ಕೆಲಸವನ್ನು ತಯಾರಕರು ಹೇಳಿದ ಅವಧಿಗೆ ತಪ್ಪದೆ ಮಾಡಿಸಬೇಕು. ಬಂಪ್ ಟೆಸ್ಟ್‌ನಲ್ಲಿ ಸೋತಾಗಲೂ ಮಾಡಿಸಬೇಕು. ಆಗಲೂ ಸರಿಹೋಗದಿದ್ದರೆ ಸೆನ್ಸರ್ ಬದಲಿಸಬೇಕು.
* ಸೊನ್ನೆಗೆ ತರುವುದು: ಬಯಲಿನ ಶುದ್ಧ ಗಾಳಿಯಲ್ಲೇ ಮಾಡಬೇಕು. ಗುಂಡಿಯ ಬಾಯಿಯಲ್ಲೋ ಚಾಲೂ ಇರುವ ವಾಹನದ ಬಳಿಯೋ ಮಾಡಿದರೆ ಯಂತ್ರ ಕೆಟ್ಟ ಗಾಳಿಯನ್ನೇ ಸೊನ್ನೆ ಎಂದುಕೊಳ್ಳುತ್ತದೆ.
* ಶುಚಿತ್ವ: ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಪಾಲಿಶ್, ಸ್ಪಿರಿಟ್, ಸಿಲಿಕೋನ್ ಸ್ಪ್ರೇ ಬೇಡ. ಕೆಸರು, ನೀರು ಮೆತ್ತಿದ ಫಿಲ್ಟರನ್ನು ಬದಲಿಸಬೇಕು.
* ಲೈಟರಿನ ಗ್ಯಾಸ್ ಬಿಟ್ಟು ಪರೀಕ್ಷಿಸುವುದು ತಪ್ಪು. ದಟ್ಟ ಅನಿಲದಿಂದ ಸೆನ್ಸರೇ ಹಾಳಾಗಬಹುದು.

ಓದುವುದು ಹೇಗೆ?

ಶುದ್ಧ ಗಾಳಿಯಲ್ಲಿ ಆಮ್ಲಜನಕ ಶೇ. 20.9. ಅದು 19.5ಕ್ಕಿಂತ ಇಳಿದರೆ ಅಪಾಯ. ಹೈಡ್ರೋಜನ್ ಸಲ್ಫೈಡ್‌ನ ಕೊಳೆತ ಮೊಟ್ಟೆಯ ವಾಸನೆಯನ್ನು ನಂಬುವಂತಿಲ್ಲ. ಸುಮಾರು 100 ಪಿಪಿಎಂ ದಾಟಿದರೆ ಮೂಗೇ ಮರಗಟ್ಟುತ್ತದೆ. ಪಾಳುಬಾವಿಯಲ್ಲಿ ತುಂಬುವ ಕಾರ್ಬನ್ ಡೈಆಕ್ಸೈಡ್‌ಗೆ ಸಾಮಾನ್ಯ ನಾಲ್ಕು ಅನಿಲಗಳ ಯಂತ್ರದಲ್ಲಿ ಸೆನ್ಸರ್ ಇರುವುದಿಲ್ಲ ಎಂಬುದೂ ನೆನಪಿರಲಿ.

ಚರಂಡಿ ಸಾವಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಆದರೆ ಹೋದ ಜೀವ ಬಾರದು. ಗುತ್ತಿಗೆದಾರರು ಯಂತ್ರ ತೋರಿಸಿದಾಗ, ಇಂದು ಬಂಪ್ ಟೆಸ್ಟ್ ಆಗಿದೆಯೇ ಎಂದು ಕೇಳಿಯೇ ಮುಂದಿನ ಮಾತು.