ಗೆದ್ದವನು ಪುಲಕೇಶಿ, ಮನೆಮನೆಯಲ್ಲಿ ಹರ್ಷ

ನಿಮ್ಮ ಆಫೀಸಿನ ಡೈರೆಕ್ಟರಿ ತೆಗೆದು ಹರ್ಷ ಅಂತ ಹುಡುಕಿ. ಒಬ್ಬರಾದರೂ ಸಿಗ್ತಾರೆ. ಈಗ ಪುಲಕೇಶಿ ಅಂತ ಹುಡುಕಿ. ಸಿಕ್ಕರೆ ಅದೃಷ್ಟ! ನರ್ಮದೆಯ ಬಳಿ ಹರ್ಷವರ್ಧನನನ್ನು ತಡೆದು ಗೆದ್ದವನು ಬಾದಾಮಿಯ ಇಮ್ಮಡಿ ಪುಲಕೇಶಿ. ಆದರೆ ತೊಟ್ಟಿಲಿಗೆ ಹೋಗಿದ್ದು ಸೋತವನ ಹೆಸರು. ಗೆದ್ದವನ ಹೆಸರನ್ನು ನಾವು ಬೆಂಗಳೂರಿನ ಫ್ರೇಜರ್ ಟೌನಿಗೆ ಇಟ್ಟು ಪುಲಕೇಶಿನಗರ ಮಾಡಿದೆವು, ಮಕ್ಕಳಿಗೆ ಇಡಲಿಲ್ಲ.

ಐಹೊಳೆಯ ಮೇಗುತಿ ಬಸದಿಯಲ್ಲಿ 634ರ ಶಾಸನವಿದೆ. ಬರೆದವನು ರವಿಕೀರ್ತಿ. ಯುದ್ಧದಲ್ಲಿ ಹರ್ಷನಿಗೆ ಹರ್ಷವೇ ಇಲ್ಲದಂತಾಯಿತು ಅನ್ನೋ ಅರ್ಥದಲ್ಲಿ ಆತ ಹೆಸರಿನ ಮೇಲೇ ಆಟ ಆಡಿದ್ದಾನೆ. ಆ ಶ್ಲೇಷೆ ಕೆಲಸ ಮಾಡೋದು ಹರ್ಷ ಅನ್ನೋ ಪದದ ಅರ್ಥ ಎಲ್ಲರಿಗೂ ಗೊತ್ತಿರೋದರಿಂದ. ಎರಡೇ ಅಕ್ಷರ, ಒಳ್ಳೆ ಅರ್ಥ, ಯಾವ ಊರಲ್ಲೂ ತಪ್ಪಾಗಿ ಕರೆಯಲ್ಲ.

ಪುಲಕೇಶಿ ಹಾಗಲ್ಲ. ಚಾಲುಕ್ಯ ಶಾಸನಗಳಲ್ಲೇ ಪೊಲೆಕೇಶಿ, ಪೊಲಿಕೇಶಿ, ಪುಲಿಕೇಶಿ, ಪುಲಕೇಶಿ ಅಂತ ಬೇರೆ ಬೇರೆ ರೂಪಗಳಿವೆ. ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ತನ್ನ ಕಿವಿಗೆ ಬಿದ್ದಂತೆ ಪು-ಲೊ-ಕಿ-ಶೆ ಅಂತ ಬರೆದುಕೊಂಡ. ಅರ್ಥದಲ್ಲೂ ಒಮ್ಮತ ಇಲ್ಲ. ಹುಲಿಯಂಥ ಕೂದಲಿನವನು ಅಂತ ಕೆಲವರು. ರೋಮಾಂಚನ ಅನ್ನೋ ಅರ್ಥದ ಸಂಸ್ಕೃತದ ಪುಲಕ ಪದವನ್ನು ಹಿಡಿದವರು ಇನ್ನು ಕೆಲವರು.

ಹುಲಿ ಇದ್ದರೆ ಹುಲಿಕೇಶಿ ಯಾಕಾಗಲಿಲ್ಲ? ಹಳಗನ್ನಡದಲ್ಲಿ ಹುಲಿ ಪುಲಿಯಾಗಿತ್ತು, ಹಾಲು ಪಾಲಾಗಿತ್ತು, ಹೂವು ಪೂ ಆಗಿತ್ತು. ಸುಮಾರು 10ನೇ ಶತಮಾನದಿಂದ ಪಕಾರ ಹಕಾರಕ್ಕೆ ತಿರುಗುತ್ತಾ ಹೋಯಿತು. ರಾಜನ ಹೆಸರು ಮಾತ್ರ ಬದಲಾಗಲಿಲ್ಲ. ಹಾಗಾಗಿ ಅದರೊಳಗಿನ ಹುಲಿ ನಮಗೆ ಕೇಳಿಸಲ್ಲ, ಚೆನ್ನೈ ಮತ್ತು ಹೈದರಾಬಾದಿನವರಿಗೆ ಕೇಳಿಸುತ್ತೆ. ತಮಿಳು, ತೆಲುಗು ಎರಡರಲ್ಲೂ ಪುಲಿ ಇವತ್ತಿಗೂ ಹುಲಿನೇ.

ಚೆನ್ನೈನಲ್ಲಿರೋ ಕನ್ನಡಿಗ ಅಪ್ಪ ಅಮ್ಮಂದಿರಿಗೆ ಇನ್ನೊಂದು ತೊಡಕಿದೆ. 642ರ ಹೊತ್ತಿಗೆ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಗೆದ್ದು ವಾತಾಪಿಕೊಂಡ ಅನ್ನೋ ಬಿರುದು ಪಡೆದ. ಕಲ್ಕಿ ಅವರ ಶಿವಗಾಮಿಯಿನ್ ಶಪದಂ ಕಾದಂಬರಿಯಲ್ಲಿ ಪುಲಿಕೇಸಿ ಶತ್ರುಪಕ್ಷದ ದೊರೆ. 2006ರಲ್ಲಿ ವಡಿವೇಲು ಅಭಿನಯದ ಇಂಸೈ ಅರಸನ್ 23ಆಮ್ ಪುಲಿಕೇಸಿ ಬಂತು. ಅದರ ದೊರೆ ಪೆದ್ದ, ಹೇಡಿ. ನಮಗೆ 1967ರ ಇಮ್ಮಡಿ ಪುಲಿಕೇಶಿಯ ಡಾ. ರಾಜ್ ಕಣ್ಮುಂದೆ ಬಂದರೆ ಅಲ್ಲಿನ ಶಾಲೆಯ ಮಕ್ಕಳಿಗೆ ಮೀಸೆ ತಿರುವೋ ವಡಿವೇಲು ಬರ್ತಾರೆ. ನಿಮ್ಮ ಮಗನಿಗೆ ಈ ಹೆಸರಿಟ್ಟರೆ ಮೊದಲ ದಿನ ಕ್ಲಾಸು ನಗುತ್ತೆ, ಇದನ್ನು ತಿಳಿದೇ ಇಡಬೇಕು.

ದೆಹಲಿಯಲ್ಲಿ ನಗು ಇಲ್ಲ, ಆದರೆ ಹೆಸರು ಪುಲ್‌ಕೇಶಿನ್ ಆಗುತ್ತೆ. ಹಿಂದಿಯಲ್ಲಿ ನಡುವಿನ ಅಕಾರ ನುಂಗಿಹೋಗುತ್ತೆ. ಕೊನೆಯ ನಕಾರ ಸಂಸ್ಕೃತದ ಮೂಲರೂಪದ್ದು. ಹಸ್ತಿನ್ ಅನ್ನೋದು ಬಳಕೆಯಲ್ಲಿ ಹಸ್ತಿ ಆಗೋ ಹಾಗೆ ಕೇಶಿನ್ ಕೇಶಿ ಆಗುತ್ತೆ. ಹಾಗಾಗಿ ಅದನ್ನೂ ತಪ್ಪು ಅನ್ನೋಕಾಗಲ್ಲ.

ನಾವಷ್ಟೇ ಈ ಹೆಸರು ಬಿಟ್ಟಿದ್ದಲ್ಲ. ಬಾದಾಮಿಯ ಸಿಂಹಾಸನದಲ್ಲಿ ಮೂರನೇ ಪುಲಕೇಶಿ ಕೂರಲೇ ಇಲ್ಲ. ಆಮೇಲಿನವರು ಹೆಚ್ಚಾಗಿ ಆದಿತ್ಯರೇ: ವಿಕ್ರಮಾದಿತ್ಯ, ವಿನಯಾದಿತ್ಯ, ವಿಜಯಾದಿತ್ಯ. ಆದರೂ ಹೆಸರು ಸಾಯಲಿಲ್ಲ. ಗುಜರಾತಿನ ನವಸಾರಿಯಲ್ಲಿ ಆಳುತ್ತಿದ್ದ ಚಾಲುಕ್ಯ ಶಾಖೆಯಲ್ಲಿ ಅವನಿಜನಾಶ್ರಯ ಪುಲಕೇಶಿ ಇದ್ದ. ಅರಬ್ಬರ ಸೇನೆಯನ್ನು ಅವನು ಹಿಮ್ಮೆಟ್ಟಿಸಿದ್ದನ್ನು 739ರ ನವಸಾರಿ ತಾಮ್ರಪಟ ಹೇಳುತ್ತೆ. ಕರ್ನಾಟಕದ ಆಚೆ ನೆಲೆಸಿದ ಪುಲಕೇಶಿ ಅವನು, ಒಂದು ರೀತಿ ನಮ್ಮ ಹಾಗೆ.

ಸರಿಯಾದ ಉಚ್ಚಾರಣೆ ಯಾವುದು ಅಂದ್ರೆ, ಕನ್ನಡದಲ್ಲಿ ಪುಲಕೇಶಿ, ಪುಲಿಕೇಶಿ ಎರಡೂ ಸರಿ. ಶಾಸನ ಬರೆದವರೇ ಒಂದಕ್ಕೆ ಅಂಟಿಕೊಳ್ಳಲಿಲ್ಲ. ನೀವು ಮಾತ್ರ ಒಂದಕ್ಕೆ ಅಂಟಿಕೊಳ್ಳಿ. ಜನನ ಪ್ರಮಾಣಪತ್ರ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಸ್ಪೆಲ್ಲಿಂಗ್ ಒಂದೇ ಇರಲಿ. ಮಗು ಸ್ವಲ್ಪ ದೊಡ್ಡದಾದ ಮೇಲೆ ಐಹೊಳೆಗೆ ಕರ್ಕೊಂಡು ಹೋಗಿ ಮೇಗುತಿ ಗುಡ್ಡ ಹತ್ತಿಸಿ. ಹೆಸರು ಯಾಕೆ ಇಟ್ರಿ ಅಂತ ಕೇಳಿದರೆ ತೋರಿಸೋಕೆ ಅಲ್ಲಿ ಕಲ್ಲೇ ಇದೆ.