ಹಳೆಯ ಛಾಯಾಚಿತ್ರಗಳ ಸಾಕ್ಷ್ಯವೂ ಮಸೂರದ ನೋಟವೂ

ಶಾಸನವೊಂದು ಕೈಗೆ ಬಂದರೆ ಅದರ ಲಿಪಿ, ಭಾಷೆ, ಕಲ್ಲು ಎಲ್ಲವನ್ನೂ ಪರಿಶೀಲಿಸಿದ ಮೇಲೆಯೇ ನಾವು ಅದನ್ನು ಪ್ರಮಾಣವೆಂದು ಅಂಗೀಕರಿಸುತ್ತೇವೆ. ಛಾಯಾಚಿತ್ರದ ವಿಷಯದಲ್ಲಿ ಮಾತ್ರ ಇಷ್ಟು ಎಚ್ಚರ ಕಾಣಬರುವುದಿಲ್ಲ. ಕಣ್ಣಿಗೆ ಕಂಡುದು ಸಾಕೆಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು.

ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪೆಯ ಅವಶೇಷಗಳ ಚಿತ್ರಗಳನ್ನು ತೆಗೆದನು. ಆ ಕಾಲದಲ್ಲಿ ಮುದ್ರಿತ ಪ್ರತಿಯು ಸಾಮಾನ್ಯವಾಗಿ ನೆಗೆಟಿವ್‌ನಷ್ಟೇ ಅಳತೆಯದಾಗಿರುತ್ತಿತ್ತು. ಹಿರಿಯ ಚಿತ್ರ ಬೇಕಾದವರು ಹಿರಿಯ ನೆಗೆಟಿವ್ ಅನ್ನೇ ಮಾಡಬೇಕಾಗಿತ್ತು. ಮೇಣ ಸವರಿದ ಕಾಗದದ ಅವನ ನೆಗೆಟಿವ್‌ಗಳು ಸುಮಾರು 16 ಅಂಗುಲಕ್ಕೆ 18 ಅಂಗುಲದವು.

ಬಹುದೂರದ ವಸ್ತುವಿನಿಂದ ಬಂದ ಕಿರಣಗಳು ಮಸೂರವನ್ನು ದಾಟಿ ಕೂಡುವ ಸ್ಥಾನಕ್ಕೂ ಮಸೂರಕ್ಕೂ ಇರುವ ಅಂತರವೇ ಸಂಗಮದೂರ. ಅದು ಹೆಚ್ಚಿದಂತೆ ಬಿಂಬವು ಹಿರಿದಾಗಿ, ಹಾಳೆಯಲ್ಲಿ ಹಿಡಿಯುವ ದೃಶ್ಯವು ಕಿರಿದಾಗುತ್ತದೆ. ಹಾಳೆಯ ಅರ್ಧ ಅಗಲವನ್ನು ಸಂಗಮದೂರದಿಂದ ಭಾಗಿಸಿದರೆ ಬರುವುದು ನೋಟದ ಅರ್ಧಕೋನದ ಟ್ಯಾಂಜೆಂಟ್. 18 ಅಂಗುಲ ಅಗಲದ ಹಾಳೆಗೆ 18 ಅಂಗುಲ ಸಂಗಮದೂರದ ಮಸೂರವನ್ನು ಹೂಡಿದರೆ ನೋಟದ ಕೋನ ಸುಮಾರು 53 ಡಿಗ್ರಿ. ಅದೇ ಮಸೂರದ ಹಿಂದೆ 36 ಮಿಲಿಮೀಟರ್ ಅಗಲದ ಫಿಲ್ಮನ್ನಿಟ್ಟರೆ ಕೇವಲ ನಾಲ್ಕೂವರೆ ಡಿಗ್ರಿ! ಆ ಫಿಲ್ಮಿನಲ್ಲಿ 53 ಡಿಗ್ರಿಯನ್ನು ಪಡೆಯಲು 36 ಮಿಲಿಮೀಟರಿನ ಮಸೂರ ಬೇಕು. ಆದುದರಿಂದ ಹಾಳೆಯ ಅಳತೆಯನ್ನು ತಿಳಿಸದೆ ಸಂಗಮದೂರವನ್ನಷ್ಟೇ ಹೇಳಿದರೆ ನೋಟದ ವಿಸ್ತಾರ ತಿಳಿಯದು.

ಇದಕ್ಕಿಂತ ಅಪಾಯಕರವಾದ ತಪ್ಪುಗ್ರಹಿಕೆ ಇನ್ನೊಂದುಂಟು. ಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥವೂ ಅದರ ಬಳಿಯ ಮಂಟಪವೂ ಒತ್ತಾಗಿ ಕಂಡರೆ, ಅದನ್ನು ಮಸೂರದ ಗುಣವೆನ್ನುವವರಿದ್ದಾರೆ. ವಸ್ತುಗಳ ಸಾಪೇಕ್ಷ ಗಾತ್ರವನ್ನು ನಿರ್ಣಯಿಸುವುದು ಕ್ಯಾಮರಾ ನಿಂತ ಸ್ಥಳ. ಮಸೂರವು ಹಾಳೆಯೊಡನೆ ಕೂಡಿ ನೋಟದ ಎಲ್ಲೆಯನ್ನು ಕತ್ತರಿಸುತ್ತದೆ, ಅಷ್ಟೆ. ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವರು 1983ರಲ್ಲಿ ಗ್ರೀನ್‌ಲಾ ನಿಂತಿದ್ದ ಸ್ಥಳಗಳಿಂದಲೇ ಹಂಪೆಯನ್ನು ಮತ್ತೆ ಚಿತ್ರಿಸಿದುದರ ಬೆಲೆ ಇರುವುದು ಇಲ್ಲಿಯೇ. ನಿಲುವು ಹೊಂದಿದ ಮೇಲೆ ಕೋನದ ವ್ಯತ್ಯಾಸವನ್ನು ಅಂಚು ಕತ್ತರಿಸಿಯಾದರೂ ಸರಿಪಡಿಸಬಹುದು. ನಿಲುವೇ ತಪ್ಪಿದರೆ ಯಾವ ಮಸೂರವೂ ಅದನ್ನು ತಿದ್ದಲಾರದು.

ಚೌಕಟ್ಟಿನಲ್ಲಿ ಕಾಣದ ಮಂಟಪವು ಅಂದು ಇರಲೇ ಇಲ್ಲವೆಂದು ಬರೆಯುವ ವಿದ್ಯಾರ್ಥಿಗಳು ಮೊದಲು ಚೌಕಟ್ಟಿನ ಎಲ್ಲೆಯನ್ನು ಅಳೆಯಬೇಕು. ಕಲ್ಲಿನ ರಥದ ಸಂಗತಿ ಬೇರೆ. 1856ರ ಚಿತ್ರದಲ್ಲಿ ಅದರ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ. 1983ರಲ್ಲಿ ಅದೇ ಜಾಗದಲ್ಲಿ ಬರಿಯ ಆಕಾಶ.